ಫೋಟೋದಲ್ಲಿ ನಾಲ್ಕನೆಯವರು

ಬೈರಯ್ಯ ಮೇಷ್ಟರ ಆ ಭಾನುವಾರದ ಅನಾಹುತಕ್ಕೆಲ್ಲ ಮೂಲ ಒಂದು ‘ಟಿಕ್’ ಸದ್ದು. ಸೊಳ್ಳೆ ಹೊಡೆದರೂ ಅದಕ್ಕಿಂತ ಜೋರಾಗಿ ಕೇಳಿಸುತ್ತದೆ.

ಆ ವರ್ಷ ಚನ್ನರಾಯಪಟ್ಟಣದ ಕೆರೆ ಕೋಡಿ ಬಿದ್ದಿತ್ತು. ತುಂಬಿದ ಕೆರೆ ನೋಡಿ ಊರಿನವರು ಗದ್ದೆಯ ಯೋಚನೆ ಮಾಡಿದರೆ, ಪಂಪ್‌ಸೆಟ್ ರಿಪೇರಿಯ ಗುಂಡಯ್ಯ ಹಡಗಿನ ಯೋಚನೆ ಮಾಡಿದ. ಎರಡು ಹರಿಗೋಲು ಜೋಡಿಸಿ, ಮೇಲೆ ಹಲಗೆ ಹಾಸಿ, ಬೆಂಚು ಬಡಿದು, ಹಿಂದುಗಡೆ ಒಂದು ಹಳೆಯ ಪಂಪ್‌ಸೆಟ್ಟಿನ ಇಂಜಿನ್ನು ಕೂರಿಸಿ, ಪಕ್ಕದಲ್ಲಿ ‘ಎಸ್. ಎಸ್. ಗುಂಡಯ್ಯ’ ಎಂದು ಬರೆಸಿದ. ಎಸ್. ಎಸ್. ಎಂದರೇನು ಎಂದು ಕೇಳಿದವರಿಗೆ, “ದೊಡ್ಡ ಹಡಗಿಗೆಲ್ಲ ಅದೇ ಇನಿಷಿಯಲ್ಲು” ಎನ್ನುತ್ತಿದ್ದ. ದಡದಿಂದ ತೂಬಿನವರೆಗೆ ಹೋಗಿ ಬರಲು ತಲೆಗೆ ನಾಲ್ಕಾಣೆ. ಹೋಗುವಾಗ ಇಂಜಿನ್ನು ನಡೆಸುತ್ತಿತ್ತು. ಬರುವಾಗ ಸಾಮಾನ್ಯವಾಗಿ ಪ್ರಯಾಣಿಕರೇ ಕೈಯಲ್ಲಿ ನೀರು ತಳ್ಳುತ್ತಿದ್ದರು.

ಹಡಗಿದ್ದ ಮೇಲೆ ಫೋಟೋ ಇರಬೇಕಲ್ಲ. ಸ್ಟುಡಿಯೋದ ನಂಜಯ್ಯ ದಡದಲ್ಲಿ ನಿಂತು, ಬೆಂಚಿನ ಮೇಲೆ ಕೂತವರನ್ನೆಲ್ಲ ಹೇಳದೆ ಕೇಳದೆ ಕ್ಯಾಮರಾದೊಳಗೆ ಹಾಕಿಕೊಳ್ಳುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಎರಡು ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ, ಫೋಟೋಗಳನ್ನು ಒಗೆದ ಬಟ್ಟೆಯಂತೆ ನೇತುಹಾಕುತ್ತಿದ್ದ. ಒಂದೂವರೆ ರೂಪಾಯಿ ಕೊಟ್ಟರೆ ನಿಮ್ಮ ಫೋಟೋ ನಿಮ್ಮದು, ಕೊಡದಿದ್ದರೆ ಊರಿನದು. ವಾರಗಟ್ಟಲೆ ಜನ ಬಂದು ನಿಮ್ಮ ಮೂಗಿನ ಬಗ್ಗೆ ಮಾತಾಡುವುದನ್ನು ಕೇಳಲಾಗದೆ ಎಲ್ಲರೂ ಕೊಟ್ಟೇ ಕೊಡುತ್ತಿದ್ದರು. ಹಡಗಿಲ್ಲದ ದಿನಗಳಲ್ಲಿ ನಂಜಯ್ಯ ಸುತ್ತಲಿನ ಹಳ್ಳಿಗಳ ಮದುವೆಗೂ ಸಾವಿಗೂ ಹೋಗಿ ಫೋಟೋ ತೆಗೆಯುತ್ತಿದ್ದ. ಮದುಮಕ್ಕಳಿಗೆ ನೆಟ್ಟಗೆ ಕೂರಲು ಬರುವುದಿಲ್ಲ ಎಂಬುದು ಅವನ ಬಹಳ ದಿನದ ದೂರು.

ಬೈರಯ್ಯನಿಗೆ ಹಡಗಿನ ಆಸೆಯೂ ಇರಲಿಲ್ಲ, ಫೋಟೋದ ಆಸೆಯೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ಸೋದರತ್ತೆ ಮಾಯಮ್ಮ ಅಂದು ಸಂಜೆ ಐದೂವರೆಯ ಹಾಸನದ ಬಸ್ಸು ಹತ್ತಬೇಕು.

ಅರಕಲಗೂಡಿನ ಕಡೆಯ ಮಾಯಮ್ಮ ಎರಡು ದಿನಕ್ಕೆಂದು ಬಂದು ಎರಡು ತಿಂಗಳಾಗಿತ್ತು. ತಾಯಿಯಿಲ್ಲದ ಬೈರಯ್ಯನನ್ನು ಸಾಕಿದವಳು ಅವಳೇ. ಅದನ್ನು ಅವಳು ಮರೆತಿರಲಿಲ್ಲ, ಬೇರೆಯವರಿಗೂ ಮರೆಯಲು ಬಿಡುತ್ತಿರಲಿಲ್ಲ. ದಿನವೂ ಮಧ್ಯಾಹ್ನ ಕಂಕುಳಲ್ಲಿ ತನ್ನ ಕೆಂಪು ಹೇಂಟೆ ಕೋಳಿಯನ್ನೂ ಕೈಯಲ್ಲಿ ಮುದ್ದೆಯ ಡಬ್ಬಿಯನ್ನೂ ಹಿಡಿದು ಶಾಲೆಗೆ ಬರುವಳು. ಬಾಗಿಲಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತ ಪಾಠ ಕೇಳುವಳು. ಬೈರಯ್ಯ ಯಾವನಾದರೂ ಹುಡುಗನ ಕಿವಿಗೆ ಕೈ ಹಾಕಿದರೆ ಸಾಕು, “ಬುಡ್ಲಾ ಬೈರ, ನೀನೇನ್ ಕಮ್ಮೀನಾ? ಒಂಬತ್ತು ವರ್ಸದಗಂಟ ಚಾಪೆ ನೆನೆಸ್ತಿದ್ದೋನು!” ಎನ್ನುವಳು. ಮಗ್ಗಿ ಬಾರದ ಮಕ್ಕಳಿಗೂ ಈ ಸಂಗತಿ ಬಾಯಿಪಾಠವಾಗಿತ್ತು.

ಸೋಮವಾರ ಹಾಸನದಿಂದ ಹೊಸ ಇನ್ಸ್‌ಪೆಕ್ಟರು ಶಾಲೆ ನೋಡಲು ಬರುವವರಿದ್ದರು. ಆರು ವರ್ಷದಿಂದ ಹಂಗಾಮಿಯಾಗಿದ್ದ ಬೈರಯ್ಯನ ಕೆಲಸ ಕಾಯಂ ಆಗುವುದು ಅವರು ಬರೆಯುವ ನಾಲ್ಕು ಸಾಲಿನ ಮೇಲಿತ್ತು. ಆ ನಾಲ್ಕು ಸಾಲಿನಲ್ಲಿ ಚಾಪೆಯ ಪ್ರಸ್ತಾಪ ಬರಬಾರದಾಗಿತ್ತು.

“ಅತ್ತೆ, ಊರಲ್ಲಿ ನಿಮ್ಮ ಹೊಲ ಏನಾಯ್ತೋ ಏನೋ” ಎಂದು ಶನಿವಾರ ಅವನು ಮೆಲ್ಲಗೆ ಶುರುಮಾಡಿದ್ದ.

“ಓಯ್ತೀನಿ ಕಣ್ಲಾ. ಆದ್ರೆ ಗುಂಡಯ್ಯನ್ ಅಡಗು ಅತ್ತಿಸ್ಬುಡು. ಊರಲ್ಲಿ ಯೋಳ್ಕಳಾಕೆ ಏನಾರಾ ಬ್ಯಾಡ್ವಾ?”

ಹೀಗಾಗಿ ಭಾನುವಾರ ಬೆಳಿಗ್ಗೆ ಬೈರಯ್ಯ, ಅವನ ಹೆಂಡತಿ ಮಲ್ಲಿಗಮ್ಮ, ನಡುವೆ ಮಾಯಮ್ಮ, ಅವಳ ತೊಡೆಯ ಮೇಲೆ ಹೇಂಟೆ, ಇಷ್ಟೂ ಜನ ಹಡಗಿನ ಬೆಂಚಿನ ಮೇಲೆ ಕೂತರು. ದಡದಿಂದ ಟಿಕ್ ಎಂದಿತು. ಬೈರಯ್ಯ ಅದನ್ನು ಗಮನಿಸಲೂ ಇಲ್ಲ.

ಗಮನಿಸಿದ್ದು ಪಕ್ಕದ ಮನೆಯ ಸಣ್ಣಕ್ಕ. ಮಧ್ಯಾಹ್ನ ಮಾಯಮ್ಮ ಗಂಟು ಕಟ್ಟುತ್ತಿದ್ದಾಗ ಏದುಸಿರು ಬಿಡುತ್ತ ಓಡಿಬಂದಳು.

“ಅಯ್ಯೋ ಮಾಯಕ್ಕ! ಬೇವಿನ್ಮರದ ತಾವ ನಿಮ್ ಫೋಟೋ ನೇತಾಕವ್ರೆ. ಮೂರೇ ಜನ! ಮೂರು ಜನ ಫೋಟೋ ಇಡುಸ್ಕಂಡ್ರೆ ನಡೂಕಿರೋರು ವರ್ಸ ತುಂಬೋದ್ರೊಳಗೆ…” ಸಣ್ಣಕ್ಕ ಮಾತು ನಿಲ್ಲಿಸಿ ಆಕಾಶ ನೋಡಿದಳು. ಉಳಿದದ್ದನ್ನು ಆಕಾಶ ಹೇಳಿತು.

ಎಲ್ಲರೂ ಬೇವಿನ ಮರದ ಹತ್ತಿರ ಓಡಿದರು. ಫೋಟೋ ಎದುರಿಗೆ ಆಗಲೇ ಹತ್ತಾರು ಜನ ಸೇರಿದ್ದರು. ನಡುವೆ ಕೂತ ಮಾಯಮ್ಮ ಹಲ್ಲೆಲ್ಲ ಬಿಟ್ಟು ನಗುತ್ತಿದ್ದಳು. ಹೇಂಟೆ ಮಾತ್ರ ಮುಂದಾಗುವುದೆಲ್ಲ ತಿಳಿದಂತೆ ಗಂಭೀರವಾಗಿತ್ತು.

ಮಾಯಮ್ಮ ಅದನ್ನು ನೋಡಿದವಳೇ ಗಂಟು ಕೆಳಗಿಟ್ಟು ಕೂತುಬಿಟ್ಟಳು. “ಇನ್ ನಾ ಓಗಾಕಿಲ್ಲ. ಸಾಯದಾದ್ರೆ ನಾ ಸಾಕಿದ್ ಕೂಸಿನ್ ಮನೇಲೇ ಸಾಯ್ತೀನಿ. ಒಂದ್ ವರ್ಸ ತಾನೇ, ಕಾಯ್ತೀನಿ.”

ಬೈರಯ್ಯನ ಕಣ್ಣ ಮುಂದೆ ವರ್ಷದ ಮುನ್ನೂರರವತ್ತೈದು ದಿನಗಳೂ ಸಾಲಾಗಿ ಬಂದು, ಶಾಲೆಯ ಬಾಗಿಲಲ್ಲಿ ಕೂತು, ಎಲೆಅಡಿಕೆ ಹಾಕಿಕೊಂಡವು.

“ಹರಿದುಹಾಕೋಣ ಅತ್ತೆ!” ಎಂದ.

“ಅರುದ್ರೆ ಮೂರೂ ಜನ ಗೊಟಕ್” ಎಂದಳು ಸಣ್ಣಕ್ಕ.

“ಇನ್ನೊಂದು ತೆಗೆಸೋಣ, ನಾಲ್ಕು ಜನ ಕೂತು.”

“ಅದು ಬ್ಯಾರೆ ಫೋಟೋ ಆಯ್ತದೆ. ಇದು ಇಂಗೇ ಇರ್ತದಲ್ಲ! ಇದ್ರಲ್ಲೇ ನಾಕು ಆಗ್ಬೇಕು.”

ಮಲ್ಲಿಗಮ್ಮ ಫೋಟೋದತ್ತ ಬೆರಳು ತೋರಿಸಿ, “ಕೋಳಿ ಐತಲ್ಲ, ಅದೂ ಸೇರಿದ್ರೆ ನಾಕೇ” ಎಂದಳು.

ಸೇರಿದ್ದವರಲ್ಲಿ ತಕ್ಷಣ ಎರಡು ಪಕ್ಷವಾಯಿತು. ಕೋಳಿಯೂ ಒಂದು ಜೀವವೇ ಎಂದು ಕೆಲವರು, ಜೀವವಿದ್ದ ಮಾತ್ರಕ್ಕೆ ಜನವಾಗುವುದಿಲ್ಲ ಎಂದು ಕೆಲವರು. ತೀರ್ಪಿಗೆ ಗುಂಡಯ್ಯನನ್ನೇ ಕರೆದರು.

“ಕೋಳಿ ಲೆಕ್ಕಕ್ಕೆ ಬತ್ತದೆ ಅನ್ನೋದಾದ್ರೆ, ಬೆಳಿಗ್ಗೆ ಅದ್ಕೆ ಟಿಕೀಟ್ ತಗಂಡಿಲ್ಲ” ಎಂದು ಗುಂಡಯ್ಯ ಕೈ ಚಾಚಿದ. “ನಾಕಾಣೆ ತಗೀರಿ.”

ಬೈರಯ್ಯ ಸಂತೋಷದಿಂದ ಜೇಬಿಗೆ ಕೈ ಹಾಕಿದ. ಆದರೆ ಮಾಯಮ್ಮ ಅವನ ಕೈ ಹಿಡಿದಳು. “ಬ್ಯಾಡ ಕಣ್ಲಾ. ಇವತ್ತು ಅದ್ಕೆ ಟಿಕೀಟ್ ಕೊಟ್ರೆ ನಾಳೀಕೆ ಬಸ್ನೋರೂ ಕೇಳ್ತಾರೆ.” ಕೋಳಿಯ ಪಕ್ಷ ಅಲ್ಲಿಗೆ ಸೋತಿತು.

ಆಗ ಮುಂದೆ ಬಂದವನು ಡ್ರಿಲ್ ಮೇಷ್ಟ್ರು ಶಿವಯ್ಯ. “ನನ್ನ ಫೋಟೋ ತೆಗೆದು ಇದಕ್ಕೇ ಸೇರಿಸು ನಂಜಯ್ಯ. ಸಹೋದ್ಯೋಗಿಗೆ ಇಷ್ಟೂ ಮಾಡದಿದ್ರೆ ಹೇಗೆ?” ಎಂದು ಎದೆ ಉಬ್ಬಿಸಿ ನಿಂತ. ನಂಜಯ್ಯ ಕ್ಯಾಮರಾ ಎತ್ತಿದ.

“ಪುಣ್ಯಾತ್ಮ!” ಎಂದಳು ಸಣ್ಣಕ್ಕ. “ಸಾವಿನ್ ಲೆಕ್ಕ ತುಂಬಾಕೆ ಬಂದೋರ್ ಮ್ಯಾಲೇ ಮೊದ್ಲು ಬೀಳೋದು ಅಂತಾರಪ್ಪ. ಆದ್ರೂ ಬಂದ್ರಲ್ಲ!”

ಶಿವಯ್ಯನ ಎದೆ ಗಾಳಿ ಬಿಟ್ಟ ಸೈಕಲ್ ಟ್ಯೂಬಿನಂತೆ ಇಳಿಯಿತು. ಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು ಬಂದದ್ದು ಅವನಿಗೆ ನೆನಪಾಯಿತು. ಹಾಗೆಯೇ ಸುತ್ತ ನಿಂತಿದ್ದವರಿಗೆಲ್ಲ ಒಂದೊಂದು ಒಲೆ ನೆನಪಾಗಿ, ಎರಡು ನಿಮಿಷದಲ್ಲಿ ಬೇವಿನ ಮರದ ಕೆಳಗೆ ನೆರಳು ಮಾತ್ರ ಉಳಿಯಿತು.

ಗಂಟೆ ಎರಡೂವರೆ. ನಂಜಯ್ಯ ಬೈರಯ್ಯನನ್ನು ಮರದ ಹಿಂದಕ್ಕೆ ಕರೆದ.

“ಮೇಷ್ಟ್ರೇ, ಮೂರು ರೂಪಾಯಿ ಕೊಡಿ. ನಾಲ್ಕನೇ ಮನುಷ್ಯನ್ನ ನಾನು ಕೂರಿಸ್ತೀನಿ.”

“ಯಾರನ್ನ?”

“ಅದೆಲ್ಲ ನಿಮಗ್ಯಾಕೆ? ಸ್ಟುಡಿಯೋದಲ್ಲಿ ನೂರಾರು ನೆಗೆಟೀವ್ ಬಿದ್ದಿದೆ. ಕತ್ತರಿಸಿ ಅಂಟಿಸಿ ಮತ್ತೆ ಫೋಟೋ ಹೊಡೆದ್ರೆ ಬ್ರಹ್ಮನಿಗೂ ಗೊತ್ತಾಗಲ್ಲ.”

ನಾಲ್ಕೂಮುಕ್ಕಾಲಿಗೆ ಫೋಟೋ ಬಂತು. ಇನ್ನೂ ಸ್ವಲ್ಪ ಹಸಿಯಾಗಿತ್ತು. ಬೆಂಚಿನ ತುದಿಯಲ್ಲಿ, ಬೈರಯ್ಯನ ಪಕ್ಕದಲ್ಲಿ, ಒಬ್ಬ ವಯಸ್ಸಾದ ಗೃಹಸ್ಥರು ಕೂತಿದ್ದರು. ರುಮಾಲು, ಮುಚ್ಚುಕೋಟು, ತೊಡೆಯ ಮೇಲೆ ಎರಡೂ ಕೈ. ಬೇರೆ ಮೂವರು ಹಡಗಿನ ಓಲಾಟಕ್ಕೆ ಒಂದೊಂದು ಕಡೆ ವಾಲಿದ್ದರೆ ಅವರು ಮಾತ್ರ ಕಂಬ ನೆಟ್ಟಂತೆ ನೆಟ್ಟಗೆ.

“ಇವ್ರು ಯಾವಾಗ್ಲಾ ಇದ್ರು? ನಾ ಕಾಣ್ನಲ್ಲ!” ಎಂದಳು ಮಾಯಮ್ಮ.

“ನೆರಳಲ್ಲಿ ಕೂತಿದ್ರು ಅಜ್ಜಿ. ಮೊದಲ ಸಲ ತೊಳೆದಾಗ ಬರಲಿಲ್ಲ, ಎರಡನೇ ಸಲಕ್ಕೆ ಬಂದರು” ಎಂದ ನಂಜಯ್ಯ. ಬೈರಯ್ಯನೂ ಜೋರಾಗಿ ತಲೆಯಾಡಿಸಿದ.

ಮಾಯಮ್ಮ ಬೆರಳಿಟ್ಟು ಎಣಿಸಿದಳು. ನಾಲ್ಕು. ಮತ್ತೆ ಆ ಕಡೆಯಿಂದ ಎಣಿಸಿದಳು. ನಾಲ್ಕೇ. ಎದ್ದು ಗಂಟು ಕೈಗೆತ್ತಿಕೊಂಡಳು. ಬೈರಯ್ಯನಿಗೆ ಆ ಗಂಟು ಮೇಲೇಳುವುದನ್ನು ನೋಡಿ, ಸಂಕ್ರಾಂತಿಯ ಸೂರ್ಯ ಮೇಲೇಳುವುದನ್ನು ನೋಡಿದಷ್ಟು ಆನಂದವಾಯಿತು.

ಐದೂಕಾಲಿಗೆ ಹಾಸನದಿಂದ ಬಸ್ಸು ಬಂತು. ಅದೇ ತಿರುಗಿಕೊಂಡು ಐದೂವರೆಗೆ ಹೊರಡಬೇಕು. ಜನ ಇಳಿಯುತ್ತಿದ್ದಂತೆಯೇ ಬೈರಯ್ಯ ಅತ್ತೆಯನ್ನು ಮೂಟೆಯಂತೆ ಒಳಗೆ ತಳ್ಳಿ, ಕಿಟಕಿಯ ಪಕ್ಕ ಕೂರಿಸಿ, ಮಡಿಲಿಗೆ ಹೇಂಟೆಯನ್ನು ಕೊಟ್ಟು ಕೆಳಗಿಳಿದು ನಿಂತ. ಮಾಯಮ್ಮ ಬಸ್ಸಿನೊಳಗಿದ್ದ ಪ್ರತಿಯೊಬ್ಬರ ಕೈಗೂ ಫೋಟೋ ಕೊಟ್ಟು ಎಣಿಸಲು ಹೇಳಿದಳು. ಎಲ್ಲರದೂ ನಾಲ್ಕೇ ಆಯಿತು. ಆದರೂ ಅವಳಿಗೆ ತೃಪ್ತಿಯಿಲ್ಲ. ಆಗ ತಾನೇ ಬಸ್ಸಿಳಿದು, ಕಂಕುಳಲ್ಲಿ ಛತ್ರಿ ಇಟ್ಟುಕೊಂಡು ಕಿಟಕಿಯ ಕೆಳಗೆ ನಿಂತಿದ್ದ ಕನ್ನಡಕದವರೊಬ್ಬರು ಕಣ್ಣಿಗೆ ಬಿದ್ದರು.

“ಅಪ್ಪಾ, ಓದ್ದೋನಂಗೆ ಕಾಣ್ತೀಯ. ಇದ್ರಲ್ಲಿ ಎಷ್ಟು ಜನ ಅವ್ರೆ ನೋಡಿ ಯೋಳಪ್ಪ” ಎಂದು ಕಿಟಕಿಯಿಂದ ಫೋಟೋ ಚಾಚಿದಳು.

ಅವರು ಅದನ್ನು ಇಸಿದುಕೊಂಡು ನೋಡಿದರು. ನೋಡುತ್ತಲೇ ನಿಂತರು. ಡ್ರೈವರು ಹಾರನ್ ಹೊಡೆದ. ಅವರು ತಲೆ ಎತ್ತಲಿಲ್ಲ. ಎಣಿಸಲು ಅಷ್ಟು ಹೊತ್ತು ಬೇಕಾಗುವಷ್ಟು ಜನ ಅದರಲ್ಲಿ ಇರಲಿಲ್ಲ.

ಕೊನೆಗೆ ಬೈರಯ್ಯನ ಕಡೆ ತಿರುಗಿ, “ಇವರು ಯಾರು?” ಎಂದರು. ಬೆರಳು ರುಮಾಲಿನ ಮೇಲಿತ್ತು.

ಮೇಲೆ ಕಿಟಕಿಯಲ್ಲಿ ಅತ್ತೆಯ ಕಿವಿ. ಬೈರಯ್ಯ ಹಿಂದೆ ಮುಂದೆ ನೋಡದೆ, “ನಮ್ಮವರೇ ಸ್ವಾಮಿ, ಬೇಕಾದವರು” ಎಂದ.

“ಈ ಹಡಗಿಗೆ ಯಾವಾಗ ಬಂದಿದ್ದರು?”

“ಇವತ್ತು ಬೆಳಿಗ್ಗೆ. ನಮ್ಮ ಜೊತೇಲೇ.”

“ಆರೋಗ್ಯವಾಗಿದ್ದಾರಾ?”

“ಓಹೋ, ಗುಂಡುಕಲ್ಲು!” ಬೈರಯ್ಯನಿಗೆ ಹುರುಪು ಬಂತು. “ಇಂಜಿನ್ನು ಕೆಟ್ಟಾಗ ದಡದವರೆಗೂ ಅವರೇ ಕೈಯಲ್ಲಿ ನೀರು ತಳ್ಳಿದರು. ಈಗ ತಾನೇ ಕಾಫಿ ಕುಡಿದು ಹೋದರು.”

“ಕಾಫಿ ಕುಡಿದರಾ?”

“ಎರಡು ಲೋಟ.”

ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. “ಅವರು ಕಾಫಿ ಮುಟ್ಟುತ್ತಿರಲಿಲ್ಲ” ಎಂದರು. “ನೀರು ಕಂಡರೂ ಆಗುತ್ತಿರಲಿಲ್ಲ. ನುಗ್ಗೇಹಳ್ಳಿಯ ನಮ್ಮ ಮನೆ ಎದುರಿನ ಕಟ್ಟೆಗೂ ಇಳಿದವರಲ್ಲ. ಇವರು ನಮ್ಮ ತಂದೆ. ತೀರಿಕೊಂಡು ಎರಡು ವರ್ಷವಾಯಿತು. ತೀರಿಕೊಂಡ ದಿನ ಕುರ್ಚಿಯಲ್ಲಿ ಕೂರಿಸಿ ತೆಗೆಸಿದ ಕಡೆಯ ಫೋಟೋ ಇದು. ರುಮಾಲು ಸುತ್ತಿದವನು ನಾನೇ.”

ಅವರು ಹೆಬ್ಬೆರಳಿನಿಂದ ಬೆಂಚಿನ ತುದಿಯನ್ನು ಮೆಲ್ಲಗೆ ಸವರಿದರು. “ಎಷ್ಟು ಧೈರ್ಯವಾಗಿ ಕೂತಿದ್ದಾರೆ, ನೀರಿನ ಮೇಲೆ” ಎಂದರು, ಯಾರಿಗೂ ಅಲ್ಲ ಎಂಬಂತೆ.

ಬೈರಯ್ಯ ನಂಜಯ್ಯನ ಕಡೆ ನೋಡಿದ. ನಂಜಯ್ಯ ಪಿಸುಗುಟ್ಟಿದ. “ಇನ್ನೇನ್ ಮಾಡ್ಲಿ ಮೇಷ್ಟ್ರೇ? ಊರಲ್ಲಿ ಬೇಡ ಅನ್ನದೆ ಇದ್ದೋರು ಇವರೊಬ್ಬರೇ.”

ಮಾಯಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಅಂಗಾರೆ ಅವ್ರು ಇಲ್ಲ. ಇಲ್ದೋರ್ನ ಲೆಕ್ಕಕ್ಕೆ ಇಡದೆಂಗೆ? ತಿರ್ಗಾ ಮೂರೇ ಆಯ್ತಲ್ಲೋ ಬೈರ!” ಗಂಟು ಕಿಟಕಿಯಿಂದ ಹೊರಗೆ ಬಿತ್ತು. ಹಿಂದೆಯೇ ಹೇಂಟೆ ಹಾರಿತು. ಅದರ ಹಿಂದೆ ಬಾಗಿಲಿನಿಂದ ಮಾಯಮ್ಮ ಇಳಿದಳು. “ಒಂಬತ್ತು ವರ್ಸದಗಂಟ ಚಾಪೆ ಒಗ್ದು ಸಾಕಿದ್ನಲ್ಲ, ಯೆಣದ್ ಪಕ್ಕ ಕೂರುಸ್ತೀಯ ನನ್ನ? ಇಸ್ಕೂಲ್ ಮೇಷ್ಟ್ರಾಗಿ!”

“ಮೇಷ್ಟರಾ?” ಎಂದರು ಕನ್ನಡಕದವರು. “ಯಾವ ಶಾಲೆ?”

ಮಾಯಮ್ಮ ಹೆಮ್ಮೆಯಿಂದ ಶಾಲೆಯ ಹೆಸರು ಹೇಳಿದಳು. ಮೇಷ್ಟರ ಪೂರ್ತಿ ಹೆಸರನ್ನೂ ಹೇಳಿದಳು.

ಅವರು ಕನ್ನಡಕ ಹಾಕಿಕೊಂಡರು. “ನಾನು ಇನ್ಸ್‌ಪೆಕ್ಟರ್ ರಾಮಣ್ಣ. ನಾಳೆ ಹತ್ತು ಗಂಟೆಗೆ ನಿಮ್ಮ ಶಾಲೆಗೇ ಬರುತ್ತೇನೆ.” ಫೋಟೋವನ್ನು ಹಿಂದಕ್ಕೆ ಕೊಡದೆ, ಜೋಪಾನವಾಗಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡರು. ಹೊರಟವರು ತಿರುಗಿ ನಿಂತು, “ಅಮ್ಮಾ, ನೀವೂ ಬನ್ನಿ. ಈ ಮೇಷ್ಟರ ವಿಷಯ ಚಿಕ್ಕಂದಿನಿಂದ ತಿಳಿದವರು ನೀವೊಬ್ಬರೇ ಅಂತ ಕಾಣುತ್ತೆ” ಎಂದರು.

“ಬರ್ದೇ ಇರ್ತೀನಾ! ದಿನಾ ಬತ್ತೀನಲ್ಲ” ಎಂದಳು ಮಾಯಮ್ಮ.

ಐದೂವರೆಯ ಬಸ್ಸು ಧೂಳೆಬ್ಬಿಸಿಕೊಂಡು ಹಾಸನದ ದಾರಿ ಹಿಡಿಯಿತು. ಒಂದು ಸೀಟು ಖಾಲಿ. ಬೇವಿನ ಮರದ ಕೆಳಗೆ ಬೈರಯ್ಯ ಒಂದು ಕಡೆ, ಮಲ್ಲಿಗಮ್ಮ ಇನ್ನೊಂದು ಕಡೆ, ನಡುವೆ ಹೇಂಟೆಯನ್ನು ಹಿಡಿದುಕೊಂಡ ಮಾಯಮ್ಮ, ಹೋಗುತ್ತಿದ್ದ ಬಸ್ಸನ್ನೇ ನೋಡುತ್ತ ನಿಂತರು.

ಅಷ್ಟರಲ್ಲಿ ಎದುರುಗಡೆಯಿಂದ, ಧೂಳಿನ ಮರೆಯಿಂದ, ಟಿಕ್ ಎಂದಿತು.