ಪೂರ್ಣ ತೃಪ್ತ ರೋಗಿ

ಮಾಯಿಲಪ್ಪ ಗೌಡರು ಆಸ್ಪತ್ರೆಯ ಫಾರ್ಮಿನಲ್ಲಿ ನಿಜ ಬರೆದದ್ದೇ ತಪ್ಪಾಯಿತು. 'ಊಟ ಹೇಗಿತ್ತು?' ಎಂಬಲ್ಲಿ 'ಗಂಜಿಗೆ ಉಪ್ಪಿಲ್ಲ, ಚಟ್ನಿಗೆ ಹುಳಿಯಿಲ್ಲ' ಎಂದು ಬರೆದು ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿದ್ದರು.

ಎದೆಯಲ್ಲಿ ಪೇಸ್‌ಮೇಕರ್ ಕೂರಿಸಿ ಮೂರು ದಿನವಾಗಿತ್ತು. ಡಾಕ್ಟರು ಬೆಳಿಗ್ಗೆಯೇ ಮನೆಗೆ ಹೋಗಲು ಹೇಳಿದ್ದರು. ಹೆಂಡತಿ ತಿಮ್ಮಕ್ಕ ಚೀಲ ಕಟ್ಟಿ ಕೂತಿದ್ದರು. ಸುಳ್ಯದಾಚೆಯ ಊರಿನಲ್ಲಿ ಆ ಮಧ್ಯಾಹ್ನವೇ ಹಾಲಿನ ಸೊಸೈಟಿಯ ಅಧ್ಯಕ್ಷರ ಆಯ್ಕೆ. ಹನ್ನೆರಡು ವರ್ಷ ನಿರ್ದೇಶಕರ ಬೆಂಚು ಸವೆಸಿದ ಗೌಡರಿಗೆ ಈ ಸಲ ಕುರ್ಚಿ ಎಂದು ಮಾತಾಗಿತ್ತು. ನಾಲ್ಕು ಗಂಟೆಯವರೆಗೆ ಕಾಯುತ್ತೇವೆಂದೂ ಉಳಿದ ನಿರ್ದೇಶಕರು ಒಪ್ಪಿದ್ದರು. ಎದುರಾಳಿ ಪರಮೇಶ್ವರ ಮಾತ್ರ ಗೌಡರ ಎದೆನೋವಿನ ಸುದ್ದಿ ಕೇಳಿ ದೇವರಿಗೆ ಕಾಯಿ ಒಡೆಸಿದ್ದನಂತೆ.

ರೋಗಿಗಳ ತೃಪ್ತಿ ನೋಡಿಕೊಳ್ಳುವ ಅಧಿಕಾರಿ ಹರಿಪ್ರಸಾದ್ ಟೈ ಸರಿಮಾಡಿಕೊಳ್ಳುತ್ತಾ ಓಡಿಬಂದ.

"ಎಂತ ಗೌಡ್ರೇ, ನಾಲ್ಕು ಅಂಕವಾ? ಅತೃಪ್ತ ರೋಗಿಯನ್ನು ನಾವು ಹೊರಗೆ ಬಿಡುವ ಹಾಗಿಲ್ಲ."

"ಎದೆ ಸರಿ ಬಡಿತಾ ಉಂಟಲ್ಲ ಮಾರಾಯ್ರೆ! ಅದನ್ನು ಕೇಳುದಿಲ್ವಾ?"

"ಅದಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲ."

ನಿಜ. ಪರದೆಯ ಬಣ್ಣಕ್ಕೆ ಕಾಲಂ ಇತ್ತು, ಪಾರ್ಕಿಂಗಿಗೆ ಇತ್ತು, ಲಿಫ್ಟಿನವನ ನಗುವಿಗೂ ಇತ್ತು. ಯಾವ ಹೃದಯಕ್ಕಾಗಿ ಬಂದರೋ ಅದನ್ನು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಅಡುಗೆಯವರು ಬಂದು ಕ್ಷಮೆ ಕೇಳಿದರು. ಅವರ ಮೇಲಿನವರೂ ಬಂದರು. ಹೊಸ ಗಂಜಿ ಬಂತು. ಈಗ ಅದು ಸಮುದ್ರದ ನೀರಿನ ಹಾಗಿತ್ತು. ಗಂಟೆ ಹನ್ನೆರಡಾಯಿತು.

ಪಕ್ಕದ ಮಂಚದಲ್ಲಿದ್ದ ಕಬಕ ಊರಿನ ಸಾಹುಲ್ ಹಮೀದ್‌ಗೆ ತಡೆಯಲಾಗಲಿಲ್ಲ. ಅವರಿಗಿದು ಮೂರನೇ ಸಲದ ಆಸ್ಪತ್ರೆವಾಸ.

"ಸತ್ಯ ಹೇಳ್ಲಿಕ್ಕೆ ಇದು ಕೋರ್ಟಾ ಗೌಡ್ರೇ? ಎಲ್ಲದಕ್ಕೂ ಹತ್ತು ಹಾಕಿ. ಕೆಳಗೆ ಬರೀರಿ: ಇಂಥ ಆರೈಕೆ ಬಿಟ್ಟು ಮನೆಗೆ ಹೋಗಲು ಮನಸ್ಸೇ ಬರುವುದಿಲ್ಲ."

ಗೌಡರು ಬರೆದರು. ಹರಿಪ್ರಸಾದನ ಕಣ್ಣಲ್ಲಿ ನೀರು ಬಂತು.

"ಇದನ್ನೇ ಒಮ್ಮೆ ವಿಡಿಯೋದಲ್ಲಿ ಹೇಳಿ, ಕೂಡ್ಲೆ ಬಿಡ್ತೇವೆ."

ಕೂಡಲೇ ಎಂದರೆ ಆರು ಸಲ. ಮೊದಲ ಐದು ಸಲ ಗೌಡರ ಮುಖದಲ್ಲಿ ತೃಪ್ತಿ ಸಾಲಲಿಲ್ಲವಂತೆ.

ಅಂತೂ ಬಾಡಿಗೆ ಕಾರು ಹಿಡಿದು ಸೊಸೈಟಿ ಮುಟ್ಟಿದಾಗ ಮೂರೂಕಾಲು. ಇನ್ನೂ ಮುಕ್ಕಾಲು ಗಂಟೆ ಉಂಟು! ಗೌಡರು ಮೀಸೆ ತೀಡಿಕೊಂಡು ಒಳಗೆ ಕಾಲಿಟ್ಟರು. ಕುರ್ಚಿಯಲ್ಲಿ ಹಾರ ಹಾಕಿಕೊಂಡ ಪರಮೇಶ್ವರ ಕೂತಿದ್ದ.

"ನಾಲ್ಕರವರೆಗೆ ಕಾಯ್ತೇವೆ ಅಂದಿದ್ರಲ್ಲ!"

"ಕಾಯ್ತಾ ಇದ್ದೆವು ಗೌಡ್ರೇ," ಎಂದ ಪರಮೇಶ್ವರ ಮೊಬೈಲ್ ಮುಂದೆ ಹಿಡಿದು. "ಅಷ್ಟರಲ್ಲಿ ಆಸ್ಪತ್ರೆಯವರು ಹಾಕಿದ ಇದು ನಮ್ಮ ಗ್ರೂಪಿಗೆ ಬಂತು."

ಪರದೆಯ ಮೇಲೆ ಮಾಯಿಲಪ್ಪ ಗೌಡರು ತೃಪ್ತಿಯಿಂದ ನಗುತ್ತಿದ್ದರು. 'ಮನೆಗೆ ಹೋಗಲು ಮನಸ್ಸೇ ಬರುವುದಿಲ್ಲ.'

"ಮನಸ್ಸಿಲ್ಲದವರನ್ನು ಎಳ್ಕೊಂಡು ಬರುದು ಪಾಪ ಅಂತ ನಾನೇ ಹೇಳಿದ್ದು. ಎಲ್ಲರೂ ಒಪ್ಪಿದ್ರು."

ಬೇರೆ ಯಾರದ್ದಾದರೂ ಎದೆ ಅಲ್ಲೇ ನಿಲ್ಲುತ್ತಿತ್ತು. ಗೌಡರದ್ದು ಮಾತ್ರ ಪೇಸ್‌ಮೇಕರಿನ ತಾಳಕ್ಕೆ ಒಂದು ಬಡಿತವೂ ತಪ್ಪದೆ ನಡೆಯಿತು. ಇಡೀ ಆಸ್ಪತ್ರೆಯಲ್ಲಿ ಹತ್ತಕ್ಕೆ ಹತ್ತು ಸಲ್ಲಬೇಕಾದ ಕೆಲಸ ಅದೊಂದೇ. ಅದಕ್ಕೆ ಕಾಲಂ ಇರಲಿಲ್ಲ.