ರೇವಣಸಿದ್ದಪ್ಪನವರ ಹ್ಯಾಲೊಜೆನ್ ದೀಪ

ರೇವಣಸಿದ್ದಪ್ಪನವರ ನೆಮ್ಮದಿ ಕೆಟ್ಟದ್ದು ಒಂದೇ ಒಂದು ಮಾತಿನಿಂದ. ಹಿಂದಿನ ಸೋಮವಾರ ಸಂಜೆ ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಯೊಂದು ಎದುರಿಗೆ ಬಂದು, ದೀಪ ಡಿಪ್ ಮಾಡುವ ಸೌಜನ್ಯವನ್ನೂ ತೋರದೆ ಅವರ ಕಣ್ಣಿಗೆ ಬೆಳಕು ಎರಚಿತು. ಅವರು ಕಾರನ್ನು ಜಾಲಿಕಂಟಿಯೊಳಗೆ ಇಳಿಸಿ ಜೀವ ಉಳಿಸಿಕೊಂಡರು. ಅಷ್ಟಕ್ಕೇ ನಿಂತಿದ್ದರೆ ಕ್ಷಮಿಸುತ್ತಿದ್ದರೇನೋ. ಆದರೆ ಆ ಡ್ರೈವರ್ ಗಾಡಿ ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಾರಿನ ದೀಪಗಳನ್ನು ನೋಡಿ, "ಏನ್ರಿ ಯಜಮಾನ್ರ, ಎರಡು ಊದಿನಕಡ್ಡಿ ಹಚ್ಕೊಂಡು ಹೊಂಟೀರಲ್ಲ, ಯಾವ ದೇವ್ರಿಗೆ?" ಎಂದು ಕೇಳಿ ಹೋಗಿದ್ದ.

ಅದು ಅರವತ್ತೊಂದರ ಫಿಯೆಟ್. ಹೊಸಪೇಟೆ ಡ್ಯಾಮಿನ ಆಫೀಸಿನಲ್ಲಿ ಮೂವತ್ತು ವರ್ಷ ನಕಾಶೆ ಬರೆದ ರೇವಣಸಿದ್ದಪ್ಪನವರು, ವರ್ಗವಾಗಿ ಹೊರಟ ಎಂಜಿನಿಯರೊಬ್ಬರಿಂದ ಅದನ್ನು ಕೊಂಡಿದ್ದರು. ಎಮ್ಮೆ ಮೈ ತೊಳೆದಂತೆ ಪ್ರತಿ ಭಾನುವಾರ ತಾವೇ ತೊಳೆಯುತ್ತಿದ್ದರು. ಕೆನೆಬಣ್ಣದ ಆ ಕಾರು ಈಗೆರಡು ವರ್ಷದಿಂದ, ಗಣಿಯ ಲಾರಿಗಳು ಇರುವೆ ಸಾಲಿನಂತೆ ಹರಿಯತೊಡಗಿದ ಮೇಲೆ, ಸೋಮವಾರ ಮಧ್ಯಾಹ್ನಕ್ಕೇ ಕುಂಕುಮದ ಭರಣಿಯಾಗುತ್ತಿತ್ತು. ಕೆಂಪು ಧೂಳು, ಅತಿಭಾರ, ಕಣ್ಣು ಕುಕ್ಕುವ ದೀಪ ಎಂದು ವಿಷಯವಾರು ವಿಂಗಡಿಸಿ ಅವರು ಹನ್ನೊಂದು ಅರ್ಜಿ ಬರೆದಿದ್ದರು. ಒಂದಕ್ಕೂ ಉತ್ತರ ಬಂದಿರಲಿಲ್ಲ.

"ನನ್ನ ಕಾರಿನ ದೀಪಕ್ಕ ಊದಿನಕಡ್ಡಿ ಅಂತಾನ," ಎಂದು ಅವರು ಮೂರು ದಿನ ಊಟಕ್ಕೆ ಕುಳಿತಾಗೆಲ್ಲ ಹೇಳಿದರು.

"ಅವ ಹೇಳಿದ್ದರಾಗ ತಪ್ಪೇನೈತ್ರಿ?" ಎಂದರು ಹೆಂಡತಿ ಗಂಗಾಂಬಿಕಾ. "ನಂಗೂ ಹಂಗ ಕಾಣ್ತಾವ. ಸಾರು ಹಾಕ್ಲೇನು?"

ಗುರುವಾರ ಸಂಡೂರಿನಲ್ಲಿ ಗಂಗಾಂಬಿಕಾ ಅವರ ಅಕ್ಕ ಅಕ್ಕನಾಗಮ್ಮನ ಮೊಮ್ಮಗನಿಗೆ ತೊಟ್ಟಿಲ ಕಾರ್ಯ. ಹೋಗುವುದು ಹಗಲಾದರೂ ಬರುವಾಗ ಕತ್ತಲಾಗುತ್ತದೆ. ಬೆಳಗ್ಗೆ ಏಳಕ್ಕೇ ರೇವಣಸಿದ್ದಪ್ಪನವರು ಆಟೋ ಎಲೆಕ್ಟ್ರಿಷಿಯನ್ ಪಕೀರಪ್ಪನನ್ನು ಮನೆಗೆ ಕರೆಸಿದರು. ಪಕೀರಪ್ಪ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಕಣ್ಣಿನ ಡಾಕ್ಟರರ ಹಾಗೆ ದೀಪಗಳನ್ನು ಒಂದೊಂದಾಗಿ ನೋಡಿದ.

"ಇವು ಹಳೇ ಸೀಲ್ಡ್ ಬೀಮು ಸರ್. ತೆಗೆದು ಹ್ಯಾಲೊಜೆನ್ ಕೂಡಿಸ್ತೀನಿ, ರಿಲೇ ಹಾಕಿ ದಪ್ಪ ವೈರು ಎಳೀತೀನಿ. ಆದ್ರ ನಿಮ್ಮ ಡೈನಮೋನೂ ಹಳೇದ ಐತಿ. ಗಾಡಿ ಓಡುವಾಗ ಚಿಂತಿಲ್ಲ. ನಿಂತಾಗ ಲೈಟು ಹಚ್ಚಿ ಕುಂತ್ರ ಬ್ಯಾಟರಿ ಪೂರಾ ಕುಡಿದು ಬಿಡ್ತಾವ. ಸಣ್ಣ ಬಲ್ಬು ಸಾಕ್ರಿ."

ಪಕ್ಕದ ಮನೆಯ ಕೆಂಚಣ್ಣ ಬಾಯಲ್ಲಿ ಬ್ರಷ್ಷಿಟ್ಟುಕೊಂಡೇ ಕಂಪೌಂಡು ದಾಟಿ ಬಂದ. ಎರಡು ವರ್ಷದ ಹಿಂದೆ ಅವನು ಬದನೆಕಾಯಿ ಮಾರುತ್ತಿದ್ದ. ಈಗ ಎರಡು ಲಾರಿಯ ಮಾಲೀಕ. ಕೊರಳಲ್ಲಿ ಎತ್ತಿನ ಮೂಗುದಾರದಷ್ಟು ದಪ್ಪದ ಬಂಗಾರದ ಸರ.

"ಸಣ್ಣದು ಯಾಕಲೇ ಪಕೀರಪ್ಪ? ನೂರು ವ್ಯಾಟಿಂದು ಹಾಕು. ನನ್ನ ಲಾರಿಗೆ ಅದ ಐತಿ. ಆದ್ರ ಸಾಹೇಬ್ರ ಕಾರಿಗೆ ತಡಿಯಂಗಿಲ್ಲ ಬಿಡು."

ರೇವಣಸಿದ್ದಪ್ಪನವರ ಕಿವಿ ಕೆಂಪಾದವು. "ಯಾಕ ತಡಿಯಂಗಿಲ್ಲ? ನಿನ್ನ ಲಾರಿ ಹುಟ್ಟೋದಕ್ಕಿಂತ ಮೊದ್ಲಿಂದ ರಸ್ತಾದಾಗೈತಿ ಇದು. ಪಕೀರಪ್ಪ, ನೂರು ಹಾಕು."

ಹನ್ನೊಂದಕ್ಕೆ ಕೆಲಸ ಮುಗಿಯಿತು. ಆದರೆ ಹೊಸಪೇಟೆಯ ಬಿಸಿಲಿನಲ್ಲಿ ದೀಪ ಹಚ್ಚಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಬೆಳಕು ನೋಡದೆ ಗಾಡಿ ತೆಗೆಯಬಾರದು ಎಂದು ಕೆಂಚಣ್ಣ ಹಟ ಹಿಡಿದ. ಓಣಿಯಲ್ಲಿ ಕತ್ತಲಿದ್ದದ್ದು ಒಂದೇ ಕಡೆ, ಎದುರುಮನೆಯ ಉಚ್ಚೆಂಗಮ್ಮನ ದನದ ಕೊಟ್ಟಿಗೆಯಲ್ಲಿ. ಕೆಂಚಣ್ಣನೂ ಪಕೀರಪ್ಪನೂ ಕಾರನ್ನು ದೂಡಿಕೊಂಡು ಹೋಗಿ ಅದರ ಮೂತಿಯನ್ನು ಕೊಟ್ಟಿಗೆಯ ಬಾಗಿಲಿಗೆ ಹಿಡಿದರು. ರೇವಣಸಿದ್ದಪ್ಪನವರು ಸ್ವಿಚ್ಚು ಒತ್ತಿದರು.

ಮೂಲೆಯಲ್ಲಿ ಮೆಲುಕು ಹಾಕುತ್ತಿದ್ದ ಎಮ್ಮೆಗೆ ಏಕಾಏಕಿ ಎರಡು ಸೂರ್ಯ ಹುಟ್ಟಿದವು. ಅದು ಗೂಟ ಕಿತ್ತುಕೊಂಡು ಕಾರಿನ ಪಕ್ಕದಿಂದ ನುಗ್ಗಿ, ಒಂದು ಕನ್ನಡಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಣಿ ದಾಟಿತು.

"ನನ್ನ ಗಬ್ಬದ ಎಮ್ಮೀಗೆ ಏನು ತೋರಿಸಿದ್ರಿ ನೀವು?" ಎಂದು ಉಚ್ಚೆಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಓದಿದೋರು ಅಂತ ನಿಮ್ಗ ಮರ್ಯಾದಿ ಕೊಟ್ಟಿದ್ದೆ. ಎಮ್ಮಿ ಬಂದ ಮ್ಯಾಲ ಕಾರು ಅಲ್ಲಿಂದ ತೆಗೀರಿ."

ಎಮ್ಮೆ ಕಾಲುವೆಯ ದಂಡೆಯಲ್ಲಿ ಸಿಕ್ಕಾಗ ಎರಡೂವರೆ. ಕೆಂಚಣ್ಣ ಯಾವಾಗಲೋ ಮಾಯವಾಗಿದ್ದ. ರೇವಣಸಿದ್ದಪ್ಪನವರು ಕೆಸರಾದ ಪ್ಯಾಂಟಿನಲ್ಲೇ ಹೆಂಡತಿಯನ್ನು ಕೂರಿಸಿಕೊಂಡು ಸಂಡೂರು ಮುಟ್ಟುವಷ್ಟರಲ್ಲಿ ಕಾರ್ಯ ಮುಗಿದು, ಕೂಸು ಹೆಸರಿಡಿಸಿಕೊಂಡು ನಿದ್ದೆ ಹೋಗಿತ್ತು. ಹೋಳಿಗೆ ಖಾಲಿಯಾಗಿತ್ತು. ತಂಗಿಗೆ ಅಕ್ಕನಾಗಮ್ಮ ಹೇಳಿದ ಮಾತುಗಳು ಮಾತ್ರ ಇನ್ನೂ ಬಿಸಿಬಿಸಿಯಾಗಿದ್ದವು.

ತಿರುಗಿ ಹೊರಟಾಗ ಆರೂವರೆ. ಗುಡ್ಡದ ಹಿಂದೆ ಹೊತ್ತು ಮುಳುಗಿತ್ತು. ರೇವಣಸಿದ್ದಪ್ಪನವರು ದೀಪ ಹಚ್ಚಿದರು. ರಸ್ತೆ ಅಂಗೈಯಂತೆ ಬಿಚ್ಚಿಕೊಂಡಿತು. ಗುಂಡಿಗಳು, ಗುಂಡಿಯೊಳಗಿನ ಕಲ್ಲುಗಳು, ದೂರದ ಬೇವಿನ ಎಲೆಗಳು ಕೂಡ ಬಿಡಿಬಿಡಿಯಾಗಿ ಕಂಡವು. ಎದುರಿನ ಬೈಕಿನವನೊಬ್ಬ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಬದಿಗೆ ಸರಿದ. ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ಅವರಿಗೆ ಹಾಗೆ ದಾರಿ ಬಿಟ್ಟಿರಲಿಲ್ಲ.

"ಈಗ ಬರ್ಲಿ ಅವ್ರು," ಎಂದರು.

ಬಂದರು. ಗುಡ್ಡದ ತಿರುವಿನಲ್ಲಿ ತೋರಣಗಲ್ಲಿನ ಕಡೆ ಹೊರಟ ಆರು ಲಾರಿಗಳ ಸಾಲು ಎದುರಾಯಿತು. ಮುಂದಿನ ಲಾರಿ ಡಿಪ್ ಮಾಡಲಿಲ್ಲ. ರೇವಣಸಿದ್ದಪ್ಪನವರು ಒಮ್ಮೆ ದೀಪ ಮಿಟುಕಿಸಿದರು. ಅದು ಮಾಡಲಿಲ್ಲ. ಎರಡನೆಯ ಸಲಕ್ಕೂ ಮಾಡಲಿಲ್ಲ. ಅವರಿಗೆ ಸಿಟ್ಟು ನೆತ್ತಿಗೇರಿತು. ಕಾರನ್ನು ರಸ್ತೆಯ ನಡುವೆ ನಿಲ್ಲಿಸಿ, ಎಂಜಿನ್ ಆರಿಸದೆ, ನೂರು ವ್ಯಾಟಿನ ಎರಡೂ ದೀಪಗಳನ್ನು ಲಾರಿಯ ಮುಖಕ್ಕೆ ಹಿಡಿದು, ಡೈರಿ ಪೆನ್ನು ತೆಗೆದುಕೊಂಡು ಇಳಿದರು.

"ರೀ, ಸುಮ್ನ ಕುಂದ್ರಿ," ಎಂದರು ಗಂಗಾಂಬಿಕಾ.

"ಇವತ್ತು ನಂಬರ್ ಸಮೇತ ಅರ್ಜಿ ಹಾಕ್ತೀನಿ."

ಅವರು ಬೆಳಕಿನ ನಡುವೆ ಗಟ್ಟಿಯಾಗಿ ನಿಂತು ಮೊದಲ ಲಾರಿಯ ನಂಬರು ಬರೆದುಕೊಂಡರು, ಎರಡನೆಯದರ ಹತ್ತಿರ ನಡೆದರು. ಆಗ ವಿಚಿತ್ರ ನಡೆಯಿತು. ಲಾರಿಗಳ ದೀಪಗಳು ಒಂದೊಂದಾಗಿ ಆರಿದವು. ಡ್ರೈವರ್ ಕ್ಲೀನರುಗಳು ಸಲಿಕೆ ಹಿಡಿದು ಮೇಲೆ ಹತ್ತಿ, ಗೋಪುರದಂತೆ ಏರಿದ್ದ ಅದಿರನ್ನು ದಬದಬನೆ ರಸ್ತೆಯ ಬದಿಗೆ ತಳ್ಳತೊಡಗಿದರು. ಕೆಂಪು ಧೂಳು ಎದ್ದು ರೇವಣಸಿದ್ದಪ್ಪನವರ ಬಿಳಿ ಅಂಗಿಯ ಮೇಲೆ ಕೂತಿತು. ಹನ್ನೊಂದು ಅರ್ಜಿಯಿಂದ ಆಗದ ಕೆಲಸ ಎರಡು ಬಲ್ಬಿನಿಂದ ಆಗುತ್ತಿರುವುದನ್ನು ನೋಡಿ ಅವರ ಎದೆ ಉಬ್ಬಿತು. ಆರನೆಯ ನಂಬರನ್ನು ಬರೆದುಕೊಂಡು ತಿರುಗುವಾಗ, ಮೊದಲ ಲಾರಿಯ ಮೀಸೆಯ ಡ್ರೈವರ್ ಟವೆಲ್ಲಿನಿಂದ ಮುಖ ಒರೆಸುತ್ತ ಬಂದು ಕೈಮುಗಿದ.

"ಎಲ್ಲಾ ಲೆವೆಲ್ ಮಾಡೀವಿ ಸಾಹೇಬ್ರ. ಈಗ ಓವರ್‌ಲೋಡ್ ಇಲ್ಲ. ಬಿಟ್ಟು ಬಿಡ್ರಿ."

"ಲೋಡಿಂದು ಯಾರು ಕೇಳಿದ್ರು? ಡಿಪ್ ಯಾಕ ಮಾಡ್ಲಿಲ್ಲ ನೀನು? ಎದುರಿಗೆ ಬರೋರಿಗೆ ಕಣ್ಣಿಲ್ಲೇನು?"

ಡ್ರೈವರ್ ಕಾರನ್ನು ನೋಡಿದ, ಅದರೊಳಗೆ ಮಡಿಲಲ್ಲಿ ಬಾಳೆಹಣ್ಣಿನ ಚೀಲ ಇಟ್ಟುಕೊಂಡು ಕೂತಿದ್ದ ಗಂಗಾಂಬಿಕಾ ಅವರನ್ನು ನೋಡಿದ. "ನೀವು ಚೆಕಿಂಗ್‌ನೋರಲ್ಲೇನ್ರಿ?"

"ನಾನು ಡ್ಯಾಮಿನ ರಿಟೈರ್ಡ್ ಡ್ರಾಫ್ಟ್ಸ್‌ಮನ್."

ಲಾರಿಗಳ ಮೇಲಿದ್ದವರೆಲ್ಲ ಇಳಿದು ಬಂದು ಸುತ್ತ ನಿಂತರು. ಹನ್ನೆರಡು ಮಂದಿ, ಹನ್ನೆರಡು ಸಲಿಕೆ, ಒಬ್ಬ ರೇವಣಸಿದ್ದಪ್ಪ.

ಮೀಸೆಯವನು ಬೈಯಲಿಲ್ಲ. ಅದೇ ಅವರಿಗೆ ಹೆಚ್ಚು ಅವಮಾನವೆನಿಸಿತು. "ಅಜ್ಜಾರ," ಎಂದ ಸಣ್ಣ ದನಿಯಲ್ಲಿ, "ಇಷ್ಟು ಮಾಲು ನಾವು ತಿರುಗಿ ತುಂಬಬೇಕು. ಕತ್ತಲಾಗೈತಿ, ನಮ್ಮ ಲೈಟು ಮುಂದಕ್ಕಷ್ಟ ಬೀಳ್ತಾವ. ನಿಮ್ಮ ಲೈಟು ಭಾಳ ಮಸ್ತ್ ಅದಾವು. ಹಂಗ ಹಿಡ್ಕೊಂಡು ಕುಂದ್ರಿ."

"ಕುಂದ್ರಂಗಿಲ್ಲ. ಇದು ಅನ್ಯಾಯ," ಎಂದರು ರೇವಣಸಿದ್ದಪ್ಪನವರು.

ಒಂದು ಲಾರಿ ಕಾರಿನ ಹಿಂದೆ ಹೋಗಿ ಅಡ್ಡ ನಿಂತಿತು. ಅವರು ಕೂತರು. ಕಾರನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಹೇಳಿದಂತೆ ತಿರುಗಿಸಿಕೊಟ್ಟರು. ಯಾವ ಅತಿಭಾರದ ವಿರುದ್ಧ ನಾಲ್ಕು ಅರ್ಜಿ ಬರೆದಿದ್ದರೋ ಅದೇ ಅತಿಭಾರ ಅವರದೇ ಬೆಳಕಿನಲ್ಲಿ ಬುಟ್ಟಿಬುಟ್ಟಿಯಾಗಿ ಲಾರಿ ಏರುತ್ತಿತ್ತು.

"ಆ ಕಡೆ ಗುಂಪಿ ಉಳಿದೈತಿ ನೋಡಪ್ಪಾ," ಎಂದು ಗಂಗಾಂಬಿಕಾ ಕಿಟಕಿಯಿಂದ ಹೇಳಿದರು. ಗಂಡ ಅವರತ್ತ ನೋಡಿದಾಗ, "ಜಲ್ದಿ ಮುಗಿದ್ರ ನಾವೂ ಮನಿ ಮುಟ್ತೀವಲ್ರೀ," ಎಂದರು.

ಮುಕ್ಕಾಲು ಗಂಟೆಯಲ್ಲಿ ಬಿಳಿ ಬೆಳಕು ಹಳದಿಯಾಯಿತು, ಹಳದಿ ಹೋಗಿ ಕೆಂಪಾಯಿತು. ಎಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಅದೇ ಹೊತ್ತಿಗೆ ಮೀಸೆಯವನ ಮೊಬೈಲು ಕೂಗಿತು. ಅವನು ಕೇಳಿಸಿಕೊಂಡು, "ಖರೇ ಚೆಕಿಂಗ್‌ನೋರು ಬರಾಕತ್ತಾರಂತಲೇ," ಎಂದ. ಎರಡು ನಿಮಿಷದಲ್ಲಿ ಆರೂ ಲಾರಿಗಳು ಅರ್ಧ ತುಂಬಿದ್ದನ್ನು ತುಂಬಿದಷ್ಟಕ್ಕೇ ಬಿಟ್ಟು ತಿರುವು ದಾಟಿದವು.

ಉಳಿದದ್ದು ಅದಿರಿನ ದೊಡ್ಡ ರಾಶಿ, ಅದರ ಪಕ್ಕದಲ್ಲಿ ಉಸಿರು ಬಿಟ್ಟ ಒಂದು ಫಿಯೆಟ್.

ಜೀಪು ಬಂತು. ಅದರಿಂದ ಇಳಿದ ಅಧಿಕಾರಿ ವಿನಯದ ಮನುಷ್ಯ. ಟಾರ್ಚು ಹಿಡಿದು ರಾಶಿ ನೋಡಿದರು, ಕಾರು ನೋಡಿದರು, ಅಡಿಯಿಂದ ಮುಡಿಯವರೆಗೆ ಕೆಂಪಾಗಿ ನಿಂತಿದ್ದ ರೇವಣಸಿದ್ದಪ್ಪನವರನ್ನು ನೋಡಿದರು. "ಮಾಲು ಯಾರ್ದು ಯಜಮಾನ್ರ?"

"ಲಾರಿಯೋರ್ದು. ಆರು ಲಾರಿ. ನಂಬರ್ ಬರ್ಕೊಂಡೀನಿ ನೋಡ್ರಿ." ರೇವಣಸಿದ್ದಪ್ಪನವರು ಡೈರಿ ಚಾಚಿದರು.

ಅಧಿಕಾರಿ ಪುಟ ತಿರುವಿದರು. "ಆರೂ ನಿಮ್ಮವಾ? ನೀಟಾಗಿ ಬರೆದಿಟ್ಟೀರಿ," ಎಂದು ಡೈರಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರವಿ ಪಂಚನಾಮೆ ಶುರುಮಾಡಿದರು. "ಅಂದಾಜು ಎಂಟು ಟನ್ ಅದಿರು. ಸ್ಥಳದಲ್ಲಿ ಸಿಕ್ಕ ಸಾಗಾಣಿಕೆ ವಾಹನ, ಫಿಯೆಟ್ ಕಾರು ಒಂದು."

ರೇವಣಸಿದ್ದಪ್ಪನವರ ಸಹನೆ ಅಲ್ಲಿಗೆ ತೀರಿತು. "ಸ್ವಾಮಿ, ಸ್ವಲ್ಪನರ ವಿಚಾರ ಮಾಡ್ರಿ. ಎಂಟು ಟನ್ ಮಾಲು ಈ ಕಾರಿನಾಗ ಹೆಂಗ ಹಿಡಿತೈತಿ? ನಾಕು ಮಂದಿ ಕುಂದ್ರೋ ಗಾಡಿ ಇದು."

ಅಧಿಕಾರಿಯ ಪೆನ್ನು ನಿಂತಿತು. ಅವರು ಟಾರ್ಚು ಹಿಡಿದು ಕಾರನ್ನು ಒಂದು ಸುತ್ತು ಹಾಕಿ, ಹಿಂದಿನ ಸೀಟನ್ನು ಬಗ್ಗಿ ನೋಡಿ, ನಿಧಾನವಾಗಿ ತಲೆಯಾಡಿಸಿದರು. ರೇವಣಸಿದ್ದಪ್ಪನವರಿಗೆ ಹೋದ ಜೀವ ಬಂದಂತಾಯಿತು.

"ಖರೇ ಹೇಳಿದ್ರಿ, ನನ್ನ ಲಕ್ಷ್ಯಕ್ಕ ಬಂದಿರ್ಲಿಲ್ಲ," ಎಂದು ಅವರು ಇನ್ನೊಂದು ಹಾಳೆ ತೆಗೆದು, ಅದರ ಮೇಲೆ ದಪ್ಪಗೆ ಬರೆದು ಅಡಿಗೆರೆ ಎಳೆದರು: 'ಓವರ್‌ಲೋಡ್.'