ಎಲ್ಲದಕ್ಕೂ ಹೂಂ ಎನ್ನುವ ನೆಟ್‌ವರ್ಕ್ ಕಾರ್ಡಿನ ಕುರಿತು

ಮಾನ್ಯ ಪರಿಶೀಲಕರೇ,

ತಮ್ಮ ತಾಳ್ಮೆಗೂ ತಮ್ಮ ಭೂತಗನ್ನಡಿಗೂ ಮೊದಲು ನಮಸ್ಕಾರಗಳು. ಒಂದು ಮಾತನ್ನು ಬರೆಯದೇ ಬಿಡುವವಳಿದ್ದೆ, ಬಿಟ್ಟಿದ್ದರೆ ಈ ಪತ್ರ ಇನ್ನಷ್ಟು ಗಂಭೀರವಾಗಿ ಕಾಣುತ್ತಿತ್ತು. ತಂತ್ರಾಂಶದ ತಪ್ಪಿಗೆ ನಾನು ಹಚ್ಚಿ ತಮ್ಮ ಮುಂದಿಟ್ಟಿರುವ ತೇಪೆಯನ್ನು ಕಾಯುತ್ತಿರುವವಳು ನನ್ನ ಅಕ್ಕ, ಸಣ್ಣ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ನೋಡುವ ಡಾಕ್ಟರು. ಬೇರೆ ಯಾರೋ ಆಗಿದ್ದರೆ ನಾನು ಇಷ್ಟು ಸಿಡುಕುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಬಹುಶಃ ಇಲ್ಲ.

ತಮಗೆ ತಿಳಿಯದ್ದೇನಲ್ಲ: ಆ ಆಸ್ಪತ್ರೆಯಲ್ಲಿ ಎಕ್ಸ್-ರೇ ಚಿತ್ರ ಕಳಿಸುವ ಯಂತ್ರ ಶುರುವಾದಾಗಲೆಲ್ಲ, ಇಷ್ಟು ದೊಡ್ಡ ಮಾಹಿತಿ ಪ್ಯಾಕೆಟ್ ಹೊರುತ್ತೀಯಾ ಎಂದು ನೆಟ್‌ವರ್ಕ್ ಕಾರ್ಡನ್ನು ಕೇಳುತ್ತದೆ, ಆಗದು ಎಂದರೆ ಚಿಕ್ಕದಕ್ಕೆ ಇಳಿಯುತ್ತದೆ. ಆದರೆ ಕಾರ್ಡಿನ ಪರವಾಗಿ ಉತ್ತರಿಸುವ ನಮ್ಮ ಡ್ರೈವರ್ ತಂತ್ರಾಂಶಕ್ಕೆ ಆಗದು ಎನ್ನಲು ನಾಲಿಗೆಯೇ ಇಲ್ಲ. ಎಷ್ಟು ದೊಡ್ಡ ಅಳತೆ ಹೇಳಿದರೂ ಹೂಂ ಎಂದು, ಹೊರಲಾಗದ್ದನ್ನು ಸದ್ದಿಲ್ಲದೆ ದಾರಿಯಲ್ಲಿ ಚೆಲ್ಲಿಬಿಡುತ್ತದೆ. ಚಿಕ್ಕ ಮಾಹಿತಿ ತಲುಪುತ್ತದೆ, ದೊಡ್ಡ ಚಿತ್ರ ತಲುಪುವುದಿಲ್ಲ. "ಹೆಸರು ಬಂತು, ವಯಸ್ಸು ಬಂತು, ಮೂಳೆ ಎಲ್ಲೇ? ನಿಮ್ಮ ಕಾರ್ಡು ನುಂಗಿಬಿಡ್ತಾ?" ಎಂದು ಅಕ್ಕ ಫೋನಿನಲ್ಲಿ ಕೂಗಿ, ಯಂತ್ರದಲ್ಲೇ ಚಿತ್ರ ನೋಡಲು ಮಂಡಿನೋವಿನ ಕಾಲೆಳೆದುಕೊಂಡು ಮೇಲಿನ ಎಕ್ಸ್-ರೇ ಕೋಣೆಗೆ ಹತ್ತುತ್ತಾಳೆ. ಅಲ್ಲಿಯವರೆಗೆ ಸೊಂಟ ಮುರಿದ ಅಜ್ಜಿಯೊಬ್ಬಳು ಸ್ಟ್ರೆಚರಿನ ಮೇಲೆ ನರಳುತ್ತಿರಬೇಕು.

ಮಿತಿ ಮೀರಿದರೆ ಆಗದು ಎನ್ನು ಎಂದು ಡ್ರೈವರಿಗೆ ಕಲಿಸುವ ನಾಲ್ಕೇ ಸಾಲು ಕೋಡನ್ನು ನಾನು ಕಳಿಸಿದೆ. ತಾವು ಮೊದಲ ಆವೃತ್ತಿಯಲ್ಲಿ ಒಂದು ಖಾಲಿ ಸಾಲು ಹೆಚ್ಚಾಗಿದೆ ಎಂದಿರಿ, ಎರಡನೆಯದರಲ್ಲಿ ಅದೇ ಸಾಲು ಕಡಿಮೆಯಾಗಿದೆ ಎಂದಿರಿ. ಮಿತಿಗೆ ನಾನಿಟ್ಟ ಹೆಸರು ಒಮ್ಮೆ ಗಿಡ್ಡವಾಯಿತು, ಒಮ್ಮೆ ಉದ್ದವಾಯಿತು. ಹೆತ್ತವರು ನನಗೆ ಹೆಸರಿಡುವಾಗಲೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಪ್ಯಾಕೆಟ್ಟಿನ ವಿಳಾಸಕ್ಕೆ ಬೇಕಾದ ಜಾಗವನ್ನು ಮಿತಿಯಿಂದ ಕಳೆಯಲು ನಾನು ಮರೆತದ್ದನ್ನು ಹಿಡಿದವರೂ ತಾವೇ, ಅದನ್ನು ಹೇಳದಿದ್ದರೆ ನ್ಯಾಯವಲ್ಲ. ಆ ಒಂದು ಸರಿಯಾದ ಆಕ್ಷೇಪಣೆಯ ಬಲದ ಮೇಲೆ ತಾವು ಉಳಿದ ಆಕ್ಷೇಪಣೆಗಳನ್ನೆಲ್ಲ ದಾಟಿಸಿದ ಪರಿ ಮಾತ್ರ ಅಮೋಘ.

ಈಗ ತಮ್ಮ ಹೊಸ ಆಕ್ಷೇಪಣೆ: "ಡ್ರೈವರಿನ ಈಗಿನ ನಡವಳಿಕೆಯನ್ನೇ ನೆಚ್ಚಿಕೊಂಡವರು ಎಲ್ಲಾದರೂ ಇರಬಹುದು." ಇದ್ದಾರೆ ಸ್ವಾಮಿ. ಕಾರ್ಡಿನ ಹೂಂ ನೆಚ್ಚಿಕೊಂಡು ಖಾಲಿ ಪರದೆಯ ಮುಂದೆ ಕೂತವಳು ನನ್ನ ಅಕ್ಕ.

ಆದ್ದರಿಂದ ತಮ್ಮಲ್ಲಿ ಎರಡು ಬಿನ್ನಹಗಳು. ತೇಪೆಗೆ ಒಪ್ಪಿಗೆ ಕೊಡುವುದು ಕಷ್ಟವಾದರೆ, ಇನ್ನು ಮುಂದೆ ಚಿಕ್ಕ ಚಿತ್ರದಲ್ಲಿ ಹಿಡಿಯುವಷ್ಟೇ ಮುರಿಯತಕ್ಕದ್ದೆಂದು ಜನರ ಮೂಳೆಗಳಿಗೆ ಒಂದು ಸುತ್ತೋಲೆ ಹೊರಡಿಸಬೇಕು. ಅದೂ ಆಗದಿದ್ದರೆ, ತಾವೇ ಬಂದು ಆ ಅಜ್ಜಿಗೆ ಹಿಂದಿನ ನಡವಳಿಕೆಯೊಂದಿಗಿನ ಹೊಂದಾಣಿಕೆ ಎಂದರೇನೆಂದು ವಿವರಿಸಬೇಕು. ತಂತ್ರಾಂಶದ ಈ ಬಿಡುಗಡೆಗೆ ತೇಪೆ ಸೇರಿಸುವ ಬಾಗಿಲು ಮುಚ್ಚಿದರೆ ಮುಂದಿನದು ಅರ್ಧ ವರ್ಷ ದೂರ, ಅಕ್ಕನ ಮಂಡಿ ಅಷ್ಟು ದೂರ ಬರಲಾರದು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ತೇಪೆ ಹಚ್ಚುವವಳು

ಮರೆತ ಮಾತು: ಅಕ್ಕ ತಮ್ಮ ಆರೋಗ್ಯ ವಿಚಾರಿಸಿದಳು. "ಆ ಪುಣ್ಯಾತ್ಮನ ಕಾಲು ಯಾವತ್ತಾದ್ರೂ ಮುರಿದ್ರೆ ನನ್ ಹತ್ರಾನೇ ಕಳ್ಸು, ಪ್ಲಾಸ್ಟರ್ ಬಣ್ಣ ಸರಿಯಿಲ್ಲ ಅಂತ ಪಟ್ಟಿ ಬಿಚ್ಚಿ ಬಿಚ್ಚಿ ಕಟ್ತೀನಿ" ಎಂದಳು. ಬಾಗಿಲು ಮುಚ್ಚುವುದು ಹದಿನೈದಕ್ಕೆ. ಹದಿಮೂರರ ರಾತ್ರಿಯೊಳಗೆ ಒಪ್ಪಿಗೆ ಬಂದರೆ ಇದನ್ನು ಹರಿದು ಹಾಕುತ್ತೇನೆ. ಬಾರದಿದ್ದರೆ ತಂತ್ರಾಂಶ ಬರೆಯುವವರೆಲ್ಲರೂ ಓದುವ ಇ-ಮೇಲ್ ಪಟ್ಟಿಗೆ ಹಾಕುವ ದಿನ: ಮಾರ್ಚ್ ಹದಿನಾಲ್ಕು, ಬೆಳಿಗ್ಗೆ.